ಡೆನ್ಮಾರ್ಕ್‌ನಿಂದ ಬಂದ ಮುತ್ತಜ್ಜನ ಊರು ಹುಡುಕುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಮಗಳು ಮದುವೆಯಾಗಿದ್ದು ಅಮೆರಿಕದ ಐಯೋವಾ ರಾಜ್ಯದ ಹುಡುಗನನ್ನು. ಮೊಮ್ಮಗಳಿಗೆ ಶಾಲೆಯಲ್ಲಿ ವಂಶವೃಕ್ಷ ಬರೆದು ತರಲು ಹೇಳಿದ್ದರು. ನಮ್ಮ ಕಡೆಯದನ್ನು ನಾನು ಬರೆದುಕೊಟ್ಟೆ. ಬೀಗರ ಕಡೆಯದು ನಾಲ್ಕನೇ ತಲೆಗೆ ನಿಂತುಹೋಯಿತು. 'ಡೆನ್ಮಾರ್ಕ್‌ನಿಂದ ಬಂದ' ಅನ್ನುವುದಷ್ಟೇ ಅವರಿಗೆ ಗೊತ್ತಿತ್ತು. ಅಲ್ಲಿಂದ ಶುರುವಾದ ಹುಡುಕಾಟಕ್ಕೆ ಎರಡು ವರ್ಷ ಹಿಡಿಯಿತು. ಈಗ ನಮ್ಮವರ ಎಷ್ಟೋ ಮನೆಗಳಲ್ಲಿ ಇಂಥ ಬೀಗತನ ಇದೆ. ಅವರು ನನ್ನನ್ನು ಕೇಳಿದ ಪ್ರಶ್ನೆಗಳು, ನನಗೆ ಗೊತ್ತಾದ ಉತ್ತರಗಳು ಇಲ್ಲಿವೆ.

ಎಲ್ಲಿಂದ ಶುರು ಮಾಡಬೇಕು?

ಮನೆಯಿಂದ. ಕಂಪ್ಯೂಟರ್ ಮುಂದೆ ಕೂರುವ ಮೊದಲು ಮನೆಯ ಹಿರಿಯರ ಮುಂದೆ ಕೂತುಕೊಳ್ಳಿ. ಅಟ್ಟದ ಮೇಲಿನ ಪೆಟ್ಟಿಗೆ ಇಳಿಸಿ ಅಂತ ಕೇಳಿ. ಹಳೇ ಕಾಗದ, ಬೈಬಲ್, ಭಕ್ತಿಗೀತೆಗಳ ಪುಸ್ತಕ, ಫೋಟೋ, ಯಾವುದನ್ನೂ ಬಿಡಬೇಡಿ. ಫೋಟೋ ಸಿಕ್ಕರೆ ತಿರುಗಿಸಿ ನೋಡಿ. ಹಿಂದೆ ಸ್ಟುಡಿಯೋ ಹೆಸರು, ಊರಿನ ಹೆಸರು ಅಚ್ಚಾಗಿರುವುದುಂಟು.

ನಮಗೆ ದಾರಿ ಸಿಕ್ಕಿದ್ದು ಅಂಗೈಯಗಲದ ಒಂದು ಭಕ್ತಿಗೀತೆ ಪುಸ್ತಕದಿಂದ. ಕಪ್ಪು ಚರ್ಮದ ರಟ್ಟು, ಅಂಚು ಸವೆದಿತ್ತು. ಒಳಗಿನ ಮೊದಲ ಹಾಳೆಯಲ್ಲಿ ಕಂದು ಮಸಿಯಲ್ಲಿ ಎರಡು ಸಾಲು, ಒಂದು ತಾರೀಖು. ಬೀಗಿತ್ತಿ ಅದನ್ನು ನಲವತ್ತು ವರ್ಷದಿಂದ ಇಟ್ಟುಕೊಂಡಿದ್ದರು. ಡೇನಿಷ್ ಬರುವುದಿಲ್ಲ ಅಂತ ಓದಲು ಹೋಗಿರಲಿಲ್ಲ. ಎರಡನೇ ಸಾಲಿನ ಕೊನೆಯ ಪದವೇ ಊರಿನ ಹೆಸರಾಗಿತ್ತು.

ಹುಡುಕುವುದು ಮುತ್ತಜ್ಜನ ಹೆಸರನ್ನಲ್ಲ, ಅವನ ಊರನ್ನು. ಇಡೀ ಹುಡುಕಾಟದಲ್ಲಿ ಇದೊಂದನ್ನು ಮರೆಯಬೇಡಿ. ಡೆನ್ಮಾರ್ಕ್‌ನಲ್ಲಿ ಒಂದೇ ಹೆಸರಿನವರು ಸಾವಿರಾರು ಜನ. ಊರು, ಹುಟ್ಟಿದ ತಾರೀಖು ಎರಡೂ ಸಿಕ್ಕರೆ ಮುಕ್ಕಾಲು ಕೆಲಸ ಮುಗಿದ ಹಾಗೆ.

ಎಷ್ಟು ಜನ ಹೋದರು? ಯಾಕೆ ಹೋದರು?

19ನೇ ಶತಮಾನದ ಮಧ್ಯದಿಂದ ಮೊದಲ ಮಹಾಯುದ್ಧದವರೆಗೆ ಸುಮಾರು 3 ಲಕ್ಷ ಡೇನರು ದೇಶ ಬಿಟ್ಟರು. ಹೆಚ್ಚಿನವರು ಹೋಗಿದ್ದು ಅಮೆರಿಕಕ್ಕೆ. ಜಮೀನಿಲ್ಲದ ಕೂಲಿಯವರು, ತುಂಡು ಹೊಲದ ರೈತರ ಮಕ್ಕಳು, ಮನೆಗೆಲಸದ ಹುಡುಗಿಯರು, ಇಂಥವರೇ ಜಾಸ್ತಿ. ಡೆನ್ಮಾರ್ಕ್‌ನ ಯೂಲ್ಯಾಂಡ್ ಪರ್ಯಾಯದ್ವೀಪದ ಉತ್ತರ ತುದಿಯ ವೆಂಡ್ಸಿಸೆಲ್, ದಕ್ಷಿಣದ ಲೋಲನ್ ಮತ್ತು ಫಾಲ್ಸ್ಟರ್ ದ್ವೀಪಗಳು, ಬಾಲ್ಟಿಕ್ ಸಮುದ್ರದ ಬೋರ್ನ್‌ಹೋಮ್, ಈ ಕಡೆಗಳಿಂದ ಹೋದವರ ಸಂಖ್ಯೆ ದೊಡ್ಡದು. ಅಮೆರಿಕದಲ್ಲಿ 1862ರ ಹೋಮ್‌ಸ್ಟೆಡ್ ಕಾನೂನಿನ ಪ್ರಕಾರ 160 ಎಕರೆ ಜಮೀನು ಸಿಗುತ್ತಿತ್ತು. ಗೇಣು ಜಾಗ ಇಲ್ಲದವನ ಕಿವಿಗೆ ಈ ಮಾತು ಬಿದ್ದರೆ ಹೇಗಿರುತ್ತದೆ ಅಂತ ನಮ್ಮ ಕಡೆಯ ರೈತರಿಗೆ ಬಿಡಿಸಿ ಹೇಳಬೇಕಿಲ್ಲ.

ಅಮೆರಿಕದ ಯಾವ ದಾಖಲೆಯಲ್ಲಿ ಊರಿನ ಹೆಸರು ಸಿಗುತ್ತದೆ?

ಸುಲಭವಾಗಿ ಸಿಗುವ ದಾಖಲೆಗಳಲ್ಲಿ ಊರು ಇರುವುದು ಕಡಿಮೆ. ಅಮೆರಿಕದ ಜನಗಣತಿಯಲ್ಲಿ 'ಡೆನ್ಮಾರ್ಕ್' ಅಂತಷ್ಟೇ ಬರೆದಿರುತ್ತಾರೆ. ಹಾಗಂತ ಅದನ್ನು ಬಿಡಬೇಡಿ. 1900ರ ಗಣತಿಯಲ್ಲಿ ಹುಟ್ಟಿದ ತಿಂಗಳು, ವರ್ಷ, ಅಮೆರಿಕಕ್ಕೆ ಬಂದ ವರ್ಷ ಎಲ್ಲ ಇದೆ. 1890ರ ಗಣತಿಯ ಬಹುಪಾಲು ಹಾಳೆಗಳು 1921ರ ಬೆಂಕಿ ಅನಾಹುತದಲ್ಲಿ ಹೋದವು. ಅದನ್ನು ಹುಡುಕುತ್ತಾ ಕೂರುವುದು ಬೇಡ.

ಪೌರತ್ವದ ಕಾಗದ ನೋಡುವಾಗ 1906ನೇ ಇಸವಿ ನೆನಪಿಡಿ. ಆ ವರ್ಷದ ಸೆಪ್ಟೆಂಬರ್ ಕೊನೆಗೆ ನಿಯಮ ಬದಲಾಯಿತು. ಅದಕ್ಕೂ ಮೊದಲಿನ ಕಾಗದಗಳಲ್ಲಿ 'ಡೆನ್ಮಾರ್ಕ್ ರಾಜನ ಪ್ರಜೆಯಾಗಿದ್ದೆ, ಅದನ್ನು ಬಿಡುತ್ತೇನೆ' ಅನ್ನುವುದಕ್ಕಿಂತ ಜಾಸ್ತಿ ಸಿಗುವುದು ಅಪರೂಪ. ಆಮೇಲಿನವುಗಳಲ್ಲಿ ಹುಟ್ಟಿದ ತಾರೀಖು, ಹುಟ್ಟೂರು, ಹಡಗಿನ ಹೆಸರು, ಬಂದಿಳಿದ ದಿನ ಇರುತ್ತವೆ. 1907ರ ನಂತರದ ಹಡಗಿನ ಪಟ್ಟಿಗಳಲ್ಲೂ ಹುಟ್ಟೂರು ಇರುತ್ತದೆ. ಊರಲ್ಲಿ ಬಿಟ್ಟುಬಂದ ಹತ್ತಿರದ ಸಂಬಂಧಿಕರ ಹೆಸರನ್ನೂ ಬರೆಸಿಕೊಳ್ಳುತ್ತಿದ್ದರು.

ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಒಳ್ಳೆಯದು ಅಮೆರಿಕದ ಡೇನಿಷ್ ಲೂಥರನ್ ಚರ್ಚ್‌ಗಳ ಪುಸ್ತಕಗಳು. ಅಲ್ಲಿನ ಪಾದ್ರಿಯೂ ಡೇನಿಷ್ ಆಗಿದ್ದನಲ್ಲ, ಊರಿನ ಹೆಸರನ್ನು ಸರಿಯಾಗಿ ಕೇಳಿ ಸರಿಯಾಗಿ ಬರೆಯುತ್ತಿದ್ದ. ಆಮೇಲೆ ಡೇನಿಷ್ ಪತ್ರಿಕೆಗಳಲ್ಲಿ ಬಂದ ನಿಧನ ವಾರ್ತೆಗಳು. ಒಮಾಹಾದಲ್ಲಿ 1872ರಲ್ಲಿ ಶುರುವಾದ 'ಡೆನ್ ಡಾನ್ಸ್ಕೆ ಪಯೊನೀರ್' ಅಂಥ ಒಂದು ಪತ್ರಿಕೆ. ಐಯೋವಾದ ಎಲ್ಕ್ ಹಾರ್ನ್‌ನಲ್ಲಿರುವ ಮ್ಯೂಸಿಯಂ ಆಫ್ ಡೇನಿಷ್ ಅಮೆರಿಕದಲ್ಲಿ ವಂಶಾವಳಿ ಹುಡುಕುವವರಿಗೆ ಅಂತಲೇ ಒಂದು ಕೇಂದ್ರ ಇದೆ. ನೆಬ್ರಾಸ್ಕಾದ ಬ್ಲೇರ್‌ನಲ್ಲಿ ಡೇನಿಷ್ ಅಮೆರಿಕನ್ ದಾಖಲೆ ಸಂಗ್ರಹ ಇದೆ. ಮುತ್ತಜ್ಜನ ಮಗನೋ ಮಗಳೋ 1936ರ ನಂತರ ಸೋಶಿಯಲ್ ಸೆಕ್ಯೂರಿಟಿಗೆ, ಅಂದರೆ ಅಮೆರಿಕ ಸರ್ಕಾರದ ಪಿಂಚಣಿ ಯೋಜನೆಗೆ, ಅರ್ಜಿ ಹಾಕಿದ್ದರೆ ಅದನ್ನೂ ತರಿಸಿ. ಅದರಲ್ಲಿ ತಾಯಿಯ ತವರಿನ ಹೆಸರು ಇರುತ್ತದೆ.

ಅಮೆರಿಕದ ಕಡೆ ಊರು ಸಿಗಲೇ ಇಲ್ಲ. ಈಗೇನು?

ಕೋಪನ್‌ಹೇಗನ್ ಪೊಲೀಸರ ವಲಸಿಗರ ಪುಸ್ತಕ ನೋಡಿ. ಪೊಲೀಸರಿಗೆ ಇದರಲ್ಲಿ ಏನು ಕೆಲಸ ಅಂತ ನನಗೂ ಆಶ್ಚರ್ಯ ಆಗಿತ್ತು. ಟಿಕೆಟ್ ಏಜೆಂಟರು ಬಡವರಿಗೆ ಮೋಸ ಮಾಡುತ್ತಿದ್ದರು. ಅದನ್ನು ತಡೆಯಲು 1868ರಲ್ಲಿ ಕಾನೂನು ಬಂತು. ಏಜೆಂಟ್ ಮಾಡಿದ ಕರಾರಿಗೆ ಪೊಲೀಸರ ಒಪ್ಪಿಗೆ ಬೇಕಾಯಿತು. ಆ ಲೆಕ್ಕ ಇಡಲು ತೆರೆದ ಪುಸ್ತಕಗಳು 1869ರಿಂದ 1940ರವರೆಗೆ ಇವೆ. ಹೆಸರು, ಕಸುಬು, ವಯಸ್ಸು, ಕೊನೆಗೆ ಇದ್ದ ಊರು, ಹೋಗುವ ಊರು, ಎಲ್ಲ ಸಾಲಾಗಿ ಬರೆದಿದ್ದಾರೆ.

'ಕೊನೆಗೆ ಇದ್ದ ಊರು' ಅಂದರೆ ಹುಟ್ಟಿದ ಊರಲ್ಲ. ಕೂಲಿ ಹುಡುಗರು ವರ್ಷಕ್ಕೊಂದು ಜಮೀನು ಬದಲಾಯಿಸುತ್ತಿದ್ದರು. ಕೊನೆಯ ಮನೆ ಹುಟ್ಟೂರಿಂದ ಐದು ಮೈಲಿಯೂ ಇರಬಹುದು, ದೇಶದ ಇನ್ನೊಂದು ತುದಿಯೂ ಇರಬಹುದು.

ಕೋಪನ್‌ಹೇಗನ್ನಿಂದ ನೇರ ನ್ಯೂಯಾರ್ಕ್‌ಗೆ ಹೋಗುತ್ತಿದ್ದುದು 1880ರ ದಶಕದ ಥಿಂಗ್ವಲ್ಲಾ ಕಂಪನಿಯ ಹಡಗುಗಳು. ಅದಕ್ಕೂ ಮೊದಲು, ಆಮೇಲೂ, ತುಂಬಾ ಜನ ಇಂಗ್ಲೆಂಡ್ ಮೇಲಿಂದ ಅಥವಾ ಜರ್ಮನಿಯ ಹ್ಯಾಂಬರ್ಗ್ ಮೇಲಿಂದ ಹೋದರು. ಹ್ಯಾಂಬರ್ಗ್‌ನ ಪ್ರಯಾಣಿಕರ ಪಟ್ಟಿಗಳು 1850ರಿಂದಲೇ ಸಿಗುತ್ತವೆ.

ಅಪ್ಪ ಪೆಡರ್ಸೆನ್, ಮಗ ನೀಲ್ಸೆನ್. ಬೇರೆ ಕುಟುಂಬವಾ?

ಅಲ್ಲ, ಒಂದೇ ಕುಟುಂಬ. 'ಸೆನ್' ಅಂದರೆ ಮಗ. ನೀಲ್ಸ್ ಪೆಡರ್ಸೆನ್ ಅಂದರೆ ಪೆಡರ್‌ನ ಮಗ ನೀಲ್ಸ್. ಅವನಿಗೆ ಹುಟ್ಟಿದ ಯೆನ್ಸ್, ಯೆನ್ಸ್ ನೀಲ್ಸೆನ್ ಆಗುತ್ತಾನೆ. ಮಗಳಾದರೆ 'ಡಾಟರ್' ಸೇರುತ್ತದೆ, ನೀಲ್ಸ್‌ಡಾಟರ್. ನಮ್ಮಲ್ಲಿ ಹೆಸರಿನ ಮುಂದೆ ಅಪ್ಪನ ಹೆಸರಿನ ಅಕ್ಷರ ಇಟ್ಟುಕೊಳ್ಳುತ್ತೇವಲ್ಲ, ಲೆಕ್ಕ ಅದೇ. ಅದಕ್ಕೇ ಬೀಗರಿಗಿಂತ ನನಗೇ ಇದು ಬೇಗ ಅರ್ಥವಾಯಿತು!

ಇದನ್ನು ನಿಲ್ಲಿಸಿ ಎಲ್ಲರೂ ಕಾಯಂ ಮನೆತನದ ಹೆಸರು ಇಟ್ಟುಕೊಳ್ಳಬೇಕು ಅಂತ 1828ರಲ್ಲಿ ಆಜ್ಞೆ ಬಂತು. ಹಳ್ಳಿಗಳಲ್ಲಿ ಜನ ಸುಲಭಕ್ಕೆ ಕೇಳಲಿಲ್ಲ. 1856ರಲ್ಲಿ ಮತ್ತೆ ಒತ್ತಿ ಹೇಳಬೇಕಾಯಿತು. ಆಮೇಲೂ ಹಲವು ಕಡೆ ಹಳೇ ಪದ್ಧತಿಯೇ ನಡೆಯಿತು. ಹೀಗಾಗಿ 1830ರಿಂದ 1870ರ ನಡುವೆ ಒಂದೇ ಮನೆಯ ಅಣ್ಣ ತಮ್ಮಂದಿರಿಗೆ ಬೇರೆ ಬೇರೆ ಹೆಸರು ಇರುವುದೂ ಉಂಟು. ಆ ಕಾಲದವರನ್ನು ಹುಡುಕುವಾಗ ಎರಡೂ ರೀತಿ ಹುಡುಕಿ. ಮದುವೆಯಾದ ಹೆಂಗಸರನ್ನು ಹೆಚ್ಚಾಗಿ ತವರಿನ ಹೆಸರಲ್ಲೇ ಬರೆಯುತ್ತಿದ್ದರು. ಇದು ನಮಗೆ ದೊಡ್ಡ ಉಪಕಾರ.

ಅಮೆರಿಕಕ್ಕೆ ಹೋದ ಮೇಲೆ 'ಸೆನ್' ಹೋಗಿ 'ಸನ್' ಆಯಿತು. ನೀಲ್ಸೆನ್ ನೆಲ್ಸನ್ ಆದ, ಪೆಡರ್ಸೆನ್ ಪೀಟರ್ಸನ್ ಆದ. ಕೆಲವರು ಬಿಟ್ಟುಬಂದ ಊರಿನ ಹೆಸರನ್ನೇ ಮನೆತನದ ಹೆಸರು ಮಾಡಿಕೊಂಡರು. ನಿಮ್ಮ ಬೀಗರ ಹೆಸರು 'ಸನ್' ಅಂತ ಮುಗಿಯದಿದ್ದರೆ ಅದನ್ನು ಒಮ್ಮೆ ಡೆನ್ಮಾರ್ಕ್ ನಕ್ಷೆಯಲ್ಲಿ ಹುಡುಕಿ ನೋಡಿ.

ಎಲ್ಲಿಸ್ ಐಲ್ಯಾಂಡ್‌ನಲ್ಲಿ ಅಧಿಕಾರಿಗಳೇ ಹೆಸರು ಬದಲಾಯಿಸಿದರಂತೆ, ಹೌದಾ?

ಇಲ್ಲ. ನ್ಯೂಯಾರ್ಕ್ ಬಂದರಿನ ಈ ದ್ವೀಪದಲ್ಲಿ ವಲಸಿಗರ ತಪಾಸಣೆ ನಡೆಯುತ್ತಿತ್ತು. ಹಡಗು ಹೊರಡುವಾಗ ಬರೆದ ಪಟ್ಟಿಯನ್ನೇ ಅಲ್ಲಿನ ಅಧಿಕಾರಿಗಳು ನೋಡುತ್ತಿದ್ದರು. ಹೆಸರು ಬದಲಾಯಿಸಿಕೊಂಡಿದ್ದು ಬಂದವರೇ, ಆಮೇಲೆ. ಇನ್ನೊಂದು ವಿಷಯ. ಎಲ್ಲಿಸ್ ಐಲ್ಯಾಂಡ್ ತೆರೆದಿದ್ದೇ 1892ರಲ್ಲಿ. ಅದಕ್ಕೂ ಮೊದಲು ನ್ಯೂಯಾರ್ಕ್‌ನಲ್ಲಿ ಇಳಿದವರು ಅಲ್ಲಿ ಕಾಲಿಟ್ಟೇ ಇಲ್ಲ.

ಸೌನ್, ಹೇರೆಡ್, ಆಮ್ಟ್ ಅಂದರೇನು?

ಸೌನ್ ಅಂದರೆ ಒಂದು ಚರ್ಚ್‌ಗೆ ಸೇರಿದ ಹಳ್ಳಿಗಳ ಗುಂಪು. ಹಲವು ಸೌನ್ ಸೇರಿ ಹೇರೆಡ್, ನಮ್ಮ ಹೋಬಳಿಯೋ ತಾಲ್ಲೂಕೋ ಇದ್ದ ಹಾಗೆ. ಹೇರೆಡ್‌ಗಳು ಸೇರಿ ಆಮ್ಟ್, ಅಂದರೆ ಜಿಲ್ಲೆ. ಹಳೇ ದಾಖಲೆಗಳೆಲ್ಲ ಹಳೇ ಆಮ್ಟ್‌ಗಳ ಪ್ರಕಾರವೇ ಜೋಡಿಸಿವೆ. 1970ರಲ್ಲಿ, 2007ರಲ್ಲಿ ಗಡಿಗಳನ್ನು ಬದಲಾಯಿಸಿದ್ದಾರೆ. ಇವತ್ತಿನ ನಕ್ಷೆ ಇಟ್ಟುಕೊಂಡು ಹುಡುಕಿದರೆ ತಲೆ ಕೆಡುತ್ತದೆ. ಒಂದೇ ಹೆಸರಿನ ಸೌನ್‌ಗಳು ಬೇರೆ ಬೇರೆ ಆಮ್ಟ್‌ಗಳಲ್ಲಿ ಇವೆ. ಅದಕ್ಕೇ ಮೂರನ್ನೂ ಬರೆದಿಟ್ಟುಕೊಳ್ಳಿ.

ಚರ್ಚ್ ಪುಸ್ತಕ ಎಲ್ಲಿ ಸಿಗುತ್ತದೆ? ಅದರಲ್ಲಿ ಏನಿರುತ್ತದೆ?

ಡೇನಿಷ್‌ನಲ್ಲಿ ಇದಕ್ಕೆ ಕಿರ್ಕೆಬೋಗ್ ಅನ್ನುತ್ತಾರೆ. ಇವುಗಳ ಚಿತ್ರಗಳನ್ನು ಅಲ್ಲಿನ ರಾಷ್ಟ್ರೀಯ ದಾಖಲೆ ಸಂಗ್ರಹಾಲಯ, ಅಂದರೆ ರಿಗ್ಸ್‌ಆರ್ಕಿವೆಟ್, ತನ್ನ ಜಾಲತಾಣದಲ್ಲಿ ಬಿಟ್ಟಿಯಾಗಿ ತೆರೆದಿಟ್ಟಿದೆ. ಆ ವಿಭಾಗದ ಹೆಸರು ಆರ್ಕಿವಾಲಿಯರ್ ಆನ್‌ಲೈನ್. ಒಂದು ಪೈಸೆ ಕೊಡಬೇಕಿಲ್ಲ.

ಪಾದ್ರಿಗಳು ಪುಸ್ತಕ ಇಡಬೇಕು ಅಂತ ರಾಜ ನಾಲ್ಕನೇ ಕ್ರಿಶ್ಚಿಯನ್ 1645–46ರಲ್ಲೇ ಆಜ್ಞೆ ಮಾಡಿದ್ದ. ಆದರೆ ನಮಗೆ ನಿಜವಾಗಿ ಅನುಕೂಲ ಆಗುವುದು 1814ರಿಂದ ಈಚೆಗೆ. ಆಗ ಅಚ್ಚು ಹಾಕಿದ ಕಾಲಂಗಳು ಬಂದವು. ಒಂದೇ ವಿವರವನ್ನು ಎರಡು ಪುಸ್ತಕದಲ್ಲಿ ಬರೆಯುವ ನಿಯಮವೂ ಬಂತು. ಎರಡೂ ಪುಸ್ತಕ ಒಂದೇ ಸೂರಿನ ಕೆಳಗೆ ರಾತ್ರಿ ಕಳೆಯುವಂತಿಲ್ಲ! ಒಂದು ಕಡೆ ಬೆಂಕಿ ಬಿದ್ದರೆ ಇನ್ನೊಂದು ಉಳಿಯಲಿ ಅಂತ. ಪಾದ್ರಿಯ ಮನೆಯಲ್ಲಿ ಒಂದು, ಚರ್ಚ್‌ನ ಗುಮಾಸ್ತನ ಹತ್ತಿರ ಒಂದು. ಇನ್ನೂರು ವರ್ಷದ ಹಿಂದೆ ಕೂಲಿಯವನ ಮಗುವಿನ ಹೆಸರನ್ನೂ ಇಷ್ಟು ಜತನ ಮಾಡಿದ್ದಾರಲ್ಲ ಅಂತ ಯೋಚಿಸಿದರೆ ಮನಸ್ಸು ತುಂಬುತ್ತದೆ. ಒಂದು ಪ್ರತಿಯ ಅಕ್ಷರ ಓದಲಾಗದಿದ್ದರೆ ಇನ್ನೊಂದನ್ನು ತೆರೆಯಿರಿ. ಬರೆದ ಕೈ ಬೇರೆ ಇರುತ್ತದೆ.

ಹುಟ್ಟಿದ ಪುಟದಲ್ಲಿ ಗಂಡು ಮಕ್ಕಳದು ಬೇರೆ, ಹೆಣ್ಣು ಮಕ್ಕಳದು ಬೇರೆ. ಹುಟ್ಟಿದ ದಿನ, ದೀಕ್ಷಾಸ್ನಾನದ ದಿನ, ಅಪ್ಪ ಅಮ್ಮ, ಅಪ್ಪನ ಕಸುಬು, ಮನೆ ಇರುವ ಜಾಗ. ಆಮೇಲೆ ಮಗುವನ್ನು ಎತ್ತಿಕೊಂಡಿದ್ದ ಹೆಂಗಸು, ಸಾಕ್ಷಿಗೆ ನಿಂತವರು. ಈ ಸಾಕ್ಷಿಗಳನ್ನು ಸುಮ್ನೆ ದಾಟಿ ಹೋಗಬೇಡಿ. ಹೆಚ್ಚಾಗಿ ಅವರು ಸೋದರಮಾವ, ಅತ್ತೆ, ಚಿಕ್ಕಮ್ಮ ಇಂಥವರೇ ಆಗಿರುತ್ತಾರೆ.

ನನಗೆ ತುಂಬಾ ಇಷ್ಟವಾದ ಪುಟ ಕನ್‌ಫರ್ಮೇಶನ್‌ದು. ಸುಮಾರು 14 ವರ್ಷಕ್ಕೆ ಮಕ್ಕಳು ಚರ್ಚ್‌ನಲ್ಲಿ ಎಲ್ಲರ ಮುಂದೆ ನಿಂತು ಧರ್ಮದ ಪ್ರಶ್ನೆಗಳಿಗೆ ಉತ್ತರ ಹೇಳಬೇಕು. 1736ರಿಂದ ಇದು ಕಡ್ಡಾಯವಾಗಿತ್ತು. ಆ ಪುಟದಲ್ಲಿ ಹುಟ್ಟಿದ ದಿನ, ಹುಟ್ಟಿದ ಊರು, ಅಪ್ಪ ಅಮ್ಮನ ಹೆಸರು ಮತ್ತೊಮ್ಮೆ ಸಿಗುತ್ತವೆ. ಹುಡುಗ ಹೇಗೆ ಓದುತ್ತಿದ್ದ, ನಡತೆ ಹೇಗಿತ್ತು ಅಂತ ಪಾದ್ರಿ ಒಂದು ಪದದಲ್ಲಿ ಬರೆದಿರುತ್ತಾನೆ. ಸಿಡುಬಿನ ಚುಚ್ಚುಮದ್ದು ಹಾಕಿದ ದಿನವೂ ಇರುತ್ತದೆ. 1810ರ ನಂತರ ಅದಿಲ್ಲದೆ ಕನ್‌ಫರ್ಮೇಶನ್ ಆಗುತ್ತಿರಲಿಲ್ಲ. ನಮ್ಮ ಭಕ್ತಿಗೀತೆ ಪುಸ್ತಕದ ತಾರೀಖು ಈ ಪುಟದ ತಾರೀಖಿಗೆ ತಾಳೆಯಾದ ದಿನ ಬೀಗಿತ್ತಿಗೆ ಫೋನ್ ಮಾಡಿದೆ. ಅವರು ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಆಮೇಲೆ 'ಓದುವುದರಲ್ಲಿ ಹೇಗಿದ್ದನಂತೆ?' ಅಂತ ಕೇಳಿದರು. 'ಚೆನ್ನಾಗಿ' ಅಂತ ಬರೆದಿದೆ ಅಂದೆ.

ಒಂದೇ ಸೌನ್‌ನಲ್ಲಿ ಅದೇ ಹೆಸರಿನ ಇಬ್ಬರು ಮೂವರು ಸಿಗುತ್ತಾರೆ. ನಮ್ಮವನು ಯಾರು?

ಇಲ್ಲಿ ನಾನು ಏಳು ತಿಂಗಳು ಕಳೆದುಕೊಂಡೆ. ಹೆಸರು ಸರಿ, ವರ್ಷ ಸರಿ, ಪಕ್ಕದ ಸೌನ್ ಅಷ್ಟೇ ಅಂತ ಒಬ್ಬನನ್ನು ಹಿಡಿದು ಅವನ ಅಜ್ಜ ಮುತ್ತಜ್ಜರನ್ನೆಲ್ಲ ಬರೆದಿಟ್ಟೆ. ಆಮೇಲೆ ನೋಡಿದರೆ ಅವನು 1890ರ ಡೇನಿಷ್ ಗಣತಿಯಲ್ಲಿ ಹೆಂಡತಿ ಮಕ್ಕಳ ಜೊತೆ ಅದೇ ಊರಲ್ಲಿ ಇದ್ದಾನೆ. ನಮ್ಮವನು ಆ ಹೊತ್ತಿಗೆ ಐಯೋವಾದಲ್ಲಿ ಜೋಳ ಬೆಳೆಯುತ್ತಿದ್ದ.

ಅದಕ್ಕೇ ಹೇಳುತ್ತೇನೆ, ಹುಟ್ಟಿದ್ದು ಸಿಕ್ಕರೆ ಸಾಲದು. ಅವನು ಡೆನ್ಮಾರ್ಕ್ ದಾಖಲೆಗಳಿಂದ ಮಾಯವಾಗಿದ್ದೂ ಕಾಣಬೇಕು. ಚಿಕ್ಕ ವಯಸ್ಸಲ್ಲಿ ತೀರಿಕೊಂಡಿಲ್ಲ ಅಂತ ಸಾವಿನ ಪುಟ ನೋಡಿ. ಮಗು ಸತ್ತರೆ ಮುಂದೆ ಹುಟ್ಟಿದ ಮಗುವಿಗೆ ಅದೇ ಹೆಸರು ಇಡುತ್ತಿದ್ದರು. ಮೊದಲ ಗಂಡು ಮಗುವಿಗೆ ಅಪ್ಪನ ಅಪ್ಪನ ಹೆಸರು, ಎರಡನೆಯದಕ್ಕೆ ಅಮ್ಮನ ಅಪ್ಪನ ಹೆಸರು ಇಡುವ ರೂಢಿ ಬಹಳ ಕಡೆ ಇತ್ತು. ಅಮೆರಿಕದಲ್ಲಿ ಹುಟ್ಟಿದ ಮಕ್ಕಳ ಹೆಸರುಗಳನ್ನು ಈ ಲೆಕ್ಕದಲ್ಲಿ ಜೋಡಿಸಿ ನೋಡಿ. ಇದು ಸಾಕ್ಷಿ ಅಲ್ಲ, ಸುಳಿವು.

ಅಕ್ಷರ ಓದಲು ಆಗುತ್ತಿಲ್ಲ!

ಮೊದಮೊದಲು ಯಾರಿಗೂ ಆಗುವುದಿಲ್ಲ. ಸುಮಾರು 1875ರವರೆಗೆ ಬರೆಯುತ್ತಿದ್ದುದು ಗೋಥಿಕ್ ಕೈಬರಹದಲ್ಲಿ. ಇ, ಎನ್, ಆರ್ ಮೂರೂ ಒಂದೇ ಥರ ಏರಿಳಿಯುವ ಗೆರೆಗಳ ಹಾಗೆ ಕಾಣುತ್ತವೆ. ನಾನು ಮಾಡಿದ್ದು ಇಷ್ಟೇ. ಗೊತ್ತಿರುವ ಹೆಸರನ್ನು ಮೊದಲು ಹುಡುಕಿದೆ. ಪಾದ್ರಿ ಅದನ್ನು ಹೇಗೆ ಬರೆದಿದ್ದಾನೆ ಅಂತ ಕಾಗದದ ಮೇಲೆ ತಿದ್ದಿಕೊಂಡೆ. ತಿಂಗಳುಗಳ ಹೆಸರೂ ಹಾಗೇ. ಒಬ್ಬ ಪಾದ್ರಿಯ ಕೈ ಅಭ್ಯಾಸವಾದರೆ ಇಪ್ಪತ್ತು ವರ್ಷದ ಪುಟಗಳು ಒಟ್ಟಿಗೆ ತೆರೆದುಕೊಳ್ಳುತ್ತವೆ.

ಡೇನಿಷ್‌ನಲ್ಲಿ ಮೂರು ಅಕ್ಷರ ಹೆಚ್ಚು. ಎ ಮತ್ತು ಇ ಅಂಟಿಕೊಂಡದ್ದು ಒಂದು, ಅಡ್ಡಗೀಟು ಎಳೆದ ಓ ಒಂದು, ತಲೆ ಮೇಲೆ ಸೊನ್ನೆ ಹೊತ್ತ ಎ ಒಂದು. ಅಕ್ಷರಮಾಲೆಯಲ್ಲಿ ಇವು ಝಡ್ ಆದ ಮೇಲೆ ಬರುತ್ತವೆ. ಸೊನ್ನೆ ಹೊತ್ತ ಅಕ್ಷರ ಅಧಿಕೃತವಾಗಿ ಬಂದಿದ್ದು 1948ರಲ್ಲಿ. ಹಳೇ ದಾಖಲೆಯಲ್ಲಿ ಅದರ ಬದಲು ಎರಡು ಎ ಇರುತ್ತವೆ. ಊರಿನ ಹೆಸರು ಪಟ್ಟಿಯಲ್ಲಿ ಕಾಣದಿದ್ದರೆ ಕೊನೆಯಲ್ಲೂ ನೋಡಿ.

ಡೇನಿಷ್ ಜನಗಣತಿ ಹೇಗೆ ಉಪಯೋಗಕ್ಕೆ ಬರುತ್ತದೆ?

1787, 1801, 1834, 1840, ಆಮೇಲೆ 1845ರಿಂದ ಐದೈದು ಹತ್ತತ್ತು ವರ್ಷಕ್ಕೊಮ್ಮೆ ಗಣತಿ ಇದೆ. 1845ರಿಂದ ಹುಟ್ಟಿದ ಸೌನ್ ಬರೆದಿದ್ದಾರೆ. ಇದೇ ದೊಡ್ಡ ವರ. 1901ರಿಂದ ಹುಟ್ಟಿದ ತಾರೀಖೂ ಇದೆ. ಒಂದೇ ಸೂರಿನಡಿ ಇದ್ದವರು ಯಾರು ಯಾರು ಅಂತ ನೋಡಿ. ಹತ್ತು ವರ್ಷದ ಹುಡುಗ ಅಪ್ಪ ಅಮ್ಮನ ಮನೆಯಲ್ಲಿ ಇಲ್ಲದಿದ್ದರೆ ಪಕ್ಕದ ಜಮೀನುದಾರನ ಮನೆಯಲ್ಲಿ ದನ ಕಾಯುತ್ತಾ ಇರಬಹುದು.

ಹುಡುಗ ಊರೂರು ಅಲೆದಿದ್ದಾನೆ. ಜಾಡು ತಪ್ಪಿದೆ. ಏನು ಮಾಡಲಿ?

ಗಂಡಸಾದರೆ ಸೇನಾ ಪಟ್ಟಿ ನೋಡಿ. ಮುಂದೆ ಸೈನ್ಯಕ್ಕೆ ಕರೆಯಬಹುದಾದವರ ಪಟ್ಟಿ ಇದು, 1788ರ ಹೊತ್ತಿಗೆ ಶುರುವಾಯಿತು. ಮೊದಲಿಗೆ ರೈತಾಪಿ ಗಂಡು ಮಕ್ಕಳನ್ನು ಹುಟ್ಟಿದ ಕೂಡಲೇ ಇದರಲ್ಲಿ ಬರೆಯುತ್ತಿದ್ದರು. 1849ರ ಸಂವಿಧಾನದ ನಂತರ ಎಲ್ಲ ವರ್ಗದವರೂ ಸೇರಿದರು, ಆದರೆ ಹದಿಹರೆಯದ ಮೇಲೆ. ಮೂರು ವರ್ಷಕ್ಕೊಮ್ಮೆ ಹೊಸ ಪಟ್ಟಿ. ಪ್ರತಿ ಸಲವೂ ಹಳೇ ನಂಬರ್ ಪಕ್ಕ ಹೊಸ ನಂಬರ್. ನಂಬರ್ ಹಿಡಿದು ಹೋದರೆ ಅವನ ಜೊತೆಯೇ ಊರೂರು ನಡೆದ ಹಾಗಿರುತ್ತದೆ. ಎಷ್ಟು ಎತ್ತರ ಇದ್ದ ಅಂತಲೂ ಬರೆದಿರುತ್ತಾರೆ.

ಹೆಣ್ಣು ಮಕ್ಕಳಿಗೆ ಇಂಥ ಪಟ್ಟಿ ಇಲ್ಲ. ಅವರಿಗೆ ಚರ್ಚ್ ಪುಸ್ತಕದ ಕೊನೆಯಲ್ಲಿ 'ಬಂದವರು, ಹೋದವರು' ಅನ್ನುವ ಪುಟಗಳೇ ಆಧಾರ. 1875ರವರೆಗೆ ಇವು ಇವೆ. ಕೋಪನ್‌ಹೇಗನ್‌ನಲ್ಲಿ ಕೆಲಸಕ್ಕೆ ಇದ್ದಿದ್ದರೆ 1890ರಿಂದ 1923ರವರೆಗಿನ ಪೊಲೀಸ್ ವಿಳಾಸ ಚೀಟಿಗಳು ಸಿಗುತ್ತವೆ. ಮನೆಯಲ್ಲಿ ಮುತ್ತಜ್ಜಿಯ ಆಳುಪುಸ್ತಕ ಏನಾದರೂ ಉಳಿದಿದ್ದರೆ ಅದಕ್ಕಿಂತ ದೊಡ್ಡ ನಿಧಿ ಇಲ್ಲ. 1832ರಿಂದ 1921ರವರೆಗೆ ಕೂಲಿಗೆ ಹೋಗುವವರು ಇದನ್ನು ಇಟ್ಟುಕೊಳ್ಳಬೇಕಿತ್ತು. ಯಾವ ಮನೆಯಲ್ಲಿ ಯಾವಾಗಿನಿಂದ ಯಾವಾಗಿನವರೆಗೆ ದುಡಿದಳು ಅಂತ ಯಜಮಾನರೇ ಬರೆದುಕೊಡುತ್ತಿದ್ದರು.

ಮನೆಯಲ್ಲಿ ಡೇನರು ಅಂತಾರೆ, ಕಾಗದದಲ್ಲಿ ಜರ್ಮನಿ ಅಂತಿದೆ. ಯಾವುದು ನಿಜ?

ಎರಡೂ ನಿಜ ಇರಬಹುದು. 1864ರ ಯುದ್ಧದಲ್ಲಿ ಸೋತ ಡೆನ್ಮಾರ್ಕ್ ಶ್ಲೆಸ್ವಿಗ್ ಪ್ರಾಂತ್ಯ ಕಳೆದುಕೊಂಡಿತು. ಅದರ ಉತ್ತರ ಭಾಗ ಮರಳಿ ಬಂದಿದ್ದು 1920ರ ಜನಮತದ ನಂತರ. ನಡುವಿನ ಕಾಲದಲ್ಲಿ ಅಲ್ಲಿಂದ ಹೊರಟವರು ಮನೆಯಲ್ಲಿ ಡೇನಿಷ್ ಆಡುತ್ತಿದ್ದರೂ ಕಾಗದದಲ್ಲಿ ಜರ್ಮನಿಯ ಪ್ರಷ್ಯ ರಾಜ್ಯದ ಪ್ರಜೆಗಳು. ಪ್ರಷ್ಯದ ಸೈನ್ಯಕ್ಕೆ ಸೇರಲು ಇಷ್ಟವಿಲ್ಲದೆ ಹೊರಟ ಹುಡುಗರು ಬಹಳ. ಅಲ್ಲಿ 1874ರ ಅಕ್ಟೋಬರ್‌ನಿಂದ ಹುಟ್ಟು, ಮದುವೆ, ಸಾವುಗಳನ್ನು ಸರ್ಕಾರಿ ಕಚೇರಿಯಲ್ಲೂ ಜರ್ಮನ್ ಭಾಷೆಯಲ್ಲಿ ಬರೆದಿದ್ದಾರೆ. ಇವರನ್ನು ಕೋಪನ್‌ಹೇಗನ್ ಪೊಲೀಸ್ ಪುಸ್ತಕದಲ್ಲಿ ಹುಡುಕುವುದಕ್ಕಿಂತ ಹ್ಯಾಂಬರ್ಗ್ ಪಟ್ಟಿಯಲ್ಲಿ ಹುಡುಕುವುದು ಮೇಲು.

ಬೀಗರು ಯೂಟಾ ರಾಜ್ಯದವರು. ಬೇರೆ ದಾರಿ ಇದೆಯಾ?

ಇದೆ. ಯೂಟಾದಲ್ಲಿ ನೆಲೆಯೂರಿದ್ದ ಮಾರ್ಮನ್ ಅನ್ನುವ ಕ್ರೈಸ್ತ ಪಂಥದ ಪ್ರಚಾರಕರು 1850ರಲ್ಲೇ ಕೋಪನ್‌ಹೇಗನ್‌ಗೆ ಬಂದರು. ಆ ಧರ್ಮ ಸೇರಿದ ಸಾವಿರಾರು ಡೇನರು ಯೂಟಾಕ್ಕೆ ಗುಂಪುಗುಂಪಾಗಿ ಹೋದರು. ಆ ಚರ್ಚ್ ತನ್ನ ಪ್ರಯಾಣಿಕರ ಪಟ್ಟಿ ತಾನೇ ಇಟ್ಟಿದೆ. ಪೊಲೀಸ್ ಪುಸ್ತಕ ಶುರುವಾಗುವುದಕ್ಕಿಂತ ಹಳೆಯದು. ಅವರದೇ ಫ್ಯಾಮಿಲಿಸರ್ಚ್ ತಾಣ ಯಾರು ಬೇಕಾದರೂ ಬಿಟ್ಟಿಯಾಗಿ ಬಳಸಬಹುದು. ಆದರೆ ಬೇರೆಯವರು ಅಲ್ಲಿ ಬರೆದಿಟ್ಟ ವಂಶವೃಕ್ಷವನ್ನು ಹಾಗೇ ನಕಲು ಮಾಡಬೇಡಿ. ಮೂಲ ಪುಟ ನೀವೇ ನೋಡಿ.

ಅಪ್ಪ ಅಮ್ಮನಿಗೆ ಮದುವೆಯಾಗಿರಲಿಲ್ಲ ಅಂತ ಸಿಕ್ಕಿತು. ಬೀಗರಿಗೆ ಹೇಳಲಾ?

ಹೇಳಿ, ಮೆತ್ತಗೆ ಹೇಳಿ. ಆ ಕಾಲದ ಡೆನ್ಮಾರ್ಕ್ ಹಳ್ಳಿಗಳಲ್ಲಿ ಇದು ಅಪರೂಪ ಅಲ್ಲ. ತಾಯಿ ಯಾರ ಹೆಸರು ಹೇಳಿದಳೋ ಅದನ್ನು ಪಾದ್ರಿ ಬರೆದುಕೊಳ್ಳುತ್ತಿದ್ದ. ಆ ಹುಡುಗಿ ಎಷ್ಟು ಒಂಟಿಯಾಗಿದ್ದಿರಬೇಕು ಅಂತ ನೆನೆದು ಹೇಳಿದರೆ ಕೇಳುವವರೂ ಹಾಗೇ ಕೇಳುತ್ತಾರೆ.

ಅಲ್ಲೇ ಉಳಿದವರ ಸಂತತಿ ಸಿಗುತ್ತದಾ?

ಸಿಗಬಹುದು. ಮುತ್ತಜ್ಜನ ಅಪ್ಪ ಅಮ್ಮ ತೀರಿಕೊಂಡಾಗ ಆಸ್ತಿ ಪಾಲಿನ ದಾಖಲೆ ಆಗಿರುತ್ತದೆ. ಅದಕ್ಕೆ ಸ್ಕಿಫ್ಟೆ ಅನ್ನುತ್ತಾರೆ. ಅದರಲ್ಲಿ ಎಲ್ಲ ಮಕ್ಕಳ ಹೆಸರು, ಯಾರು ಎಲ್ಲಿದ್ದಾರೆ ಅನ್ನುವುದು ಇರುತ್ತದೆ. ನಮ್ಮವರದರಲ್ಲಿ ಆರು ಮಕ್ಕಳು. ಐದನೆಯ ಸಾಲಿನಲ್ಲಿ ಅವನ ಹೆಸರು, ಮುಂದೆ 'ಅಮೆರಿಕದಲ್ಲಿ'. ಮೂರನೆಯ ಅಕ್ಕನ ಮನೆತನದವರು ಇವತ್ತಿಗೂ ಅಲ್ಲೇ ಹತ್ತಿರದಲ್ಲಿದ್ದಾರೆ.

ಅಲ್ಲಿಗೆ ಹೋದರೆ ಸಮಾಧಿ ನೋಡಬಹುದಾ?

ಹೆಚ್ಚಾಗಿ ಇಲ್ಲ. ಡೆನ್ಮಾರ್ಕ್‌ನಲ್ಲಿ ಸಮಾಧಿ ಜಾಗವನ್ನು ಕೆಲವು ವರ್ಷಕ್ಕೆ ಅಂತ ಕೊಡುತ್ತಾರೆ. ಮನೆಯವರು ಮುಂದುವರಿಸದಿದ್ದರೆ ಕಲ್ಲು ತೆಗೆದು ಜಾಗ ಬೇರೆಯವರಿಗೆ ಹೋಗುತ್ತದೆ. ನೂರು ವರ್ಷದ ಹಿಂದಿನ ಕೂಲಿಯವನ ಕಲ್ಲು ಉಳಿದಿರುವುದಿಲ್ಲ. ಇದನ್ನು ಮೊದಲೇ ತಿಳಿದುಕೊಂಡು ಹೋಗಿ. ಇಲ್ಲದಿದ್ದರೆ ಮನಸ್ಸಿಗೆ ನೋವಾಗುತ್ತದೆ.

ಅದರ ಬದಲು ಚರ್ಚ್ ಒಳಗೆ ಹೋಗಿ. ಹಳ್ಳಿ ಚರ್ಚ್‌ಗಳಲ್ಲಿ ಬಹಳಷ್ಟು 12–13ನೇ ಶತಮಾನದವು. ಎಷ್ಟೋ ಕಡೆ ದೀಕ್ಷಾಸ್ನಾನದ ಗ್ರಾನೈಟ್ ಬಾನಿ ಆಗಿನದೇ ಇದೆ. ನಾವು ಹೋದಾಗ ಬೀಗಿತ್ತಿ ಒಳಗೆ ಬಂದು ಸುತ್ತ ಏನನ್ನೂ ನೋಡಲಿಲ್ಲ. ನೇರ ಅದರ ಹತ್ತಿರ ಹೋಗಿ ಕಲ್ಲಿನ ಅಂಚಿನ ಮೇಲೆ ಎರಡೂ ಕೈ ಇಟ್ಟು ನಿಂತರು. ಮೊಮ್ಮಗಳು ಪಕ್ಕದಲ್ಲಿ ನಿಂತು ತನ್ನ ಕೈಯನ್ನೂ ಇಟ್ಟಳು.